ಹತ್ತೂವರೆಯ ಲೆಕ್ಕ

ಬೆಳಿಗ್ಗೆ ಹತ್ತೂವರೆಗೆ ನಮ್ಮ ಶಾಲೆಯ ಅಡುಗೆ ಕೋಣೆಯ ಬಾಗಿಲಿನಿಂದ ಒಂದು ಕೂಗು ಬರುತ್ತದೆ: "ಸಾ, ಇವತ್ತೆಷ್ಟು?" ಏಳೂ ತರಗತಿಗಳ ಹಾಜರಿ ಕೂಡಿಸಿ ನಾನು ಒಂದು ಸಂಖ್ಯೆ ಹೇಳಬೇಕು. ಮೊನ್ನೆ ಮಂಗಳವಾರ ಹೇಳಿದ್ದು ಎಂಬತ್ತಾರು. ಹೇಳಿ ಮುಗಿಸುವಷ್ಟರಲ್ಲಿ ಒಳಗೆ ಅಕ್ಕಿ ಅಳೆಯುವ ಸದ್ದು ಶುರುವಾಗಿತ್ತು.

ಹೆಡ್ಮೇಷ್ಟ್ರು ಅಂದರೆ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಬೆಲ್ ಹೊಡೆಸುವವರು ಎಂದು ಊರಿನವರು ಈಗಲೂ ನಂಬಿದ್ದಾರೆ. ನಮ್ಮಂಥ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೆಡ್ಮೇಷ್ಟ್ರಿಗೆ ಬೇರೆ ಕೋಣೆಯೇ ಇಲ್ಲ. ಆಫೀಸಿನ ಅರ್ಧಕ್ಕೆ ಅಕ್ಕಿ, ಬೇಳೆ, ಹಾಲಿನ ಪುಡಿ. ಇನ್ನರ್ಧಕ್ಕೆ ಎರಡು ಬೀರು, ಒಂದು ಕಂಪ್ಯೂಟರು, ಹಳೆಯ ಗ್ಲೋಬು. ಇಲಿ ಎರಡೂ ಕಡೆಯ ಪ್ರಜೆ. ಈ ಕೋಣೆಯಲ್ಲಿ ಕೂತು ನಾನು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ತಲೆ ಎಣಿಸುವುದು. ಅನ್ನ, ಹಾಲು, ಮೊಟ್ಟೆ, ಶೂ, ಅನುದಾನ, ಶಿಕ್ಷಕರ ಹುದ್ದೆ ಎಲ್ಲವೂ ಮಕ್ಕಳ ಸಂಖ್ಯೆಯಿಂದಲೇ ಹೊರಡುತ್ತವೆ. ಸರ್ಕಾರಿ ಶಾಲೆ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದವರು ಪಾಠದ ವೇಳಾಪಟ್ಟಿಗಿಂತ ಮೊದಲು ಈ ಎಣಿಕೆಯನ್ನು ನೋಡಬೇಕು.

ನಮ್ಮಲ್ಲಿ ದಾಖಲಾದ ಮಕ್ಕಳು 98. ಒಂದರಿಂದ ಐದನೇ ತರಗತಿಗೆ 62, ಆರು ಮತ್ತು ಏಳಕ್ಕೆ 36. ಈ ವಿಂಗಡಣೆ ಯಾಕೆ ಬೇಕೆಂದರೆ ಬಿಸಿಯೂಟದ ಅಳತೆ ಎರಡಕ್ಕೂ ಬೇರೆ. ಐದನೇ ತರಗತಿಯವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರನೆಯಿಂದ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಎಂಬತ್ತಾರರಲ್ಲಿ ಚಿಕ್ಕವರು 55, ದೊಡ್ಡವರು 31. ಅಂದರೆ ಐದೂವರೆ ಕಿಲೋ ಒಂದು ಕಡೆ, ನಾಲ್ಕು ಕಿಲೋ 650 ಗ್ರಾಂ ಇನ್ನೊಂದು ಕಡೆ; ಒಟ್ಟು 10 ಕಿಲೋ 150 ಗ್ರಾಂ. ದಾಸ್ತಾನು ವಹಿಯಲ್ಲಿ ಅವತ್ತು ಇಷ್ಟೇ ಕಳೆಯಬೇಕು. ಗ್ರಾಂ ಲೆಕ್ಕ ತಪ್ಪಿದರೆ ತಿಂಗಳ ಕೊನೆಯಲ್ಲಿ ಮೂಟೆ ಒಂದು ಹೇಳುತ್ತದೆ, ಪುಸ್ತಕ ಒಂದು ಹೇಳುತ್ತದೆ.

ಮೂಟೆಯ ವಿಷಯ ಬಂತಲ್ಲ, ಹೊಸದಾಗಿ ಹೆಡ್ಮೇಷ್ಟ್ರಾದವರಿಗೆ ನಾನು ಮೊದಲು ಹೇಳುವ ಕಿವಿಮಾತು ಇದು. ಲಾರಿ ಬಂದಾಗ ಎಷ್ಟೇ ಅವಸರ ಮಾಡಿದರೂ ತೂಕ ಹಾಕದೆ ಸಹಿ ಮಾಡಬೇಡಿ. ಐವತ್ತು ಕಿಲೋ ಎಂದು ಬರೆದ ಚೀಲದಲ್ಲಿ ಐವತ್ತು ಕಿಲೋ ಇದೆ ಎಂದು ಸಹಿ ಹಾಕಿದ ಮೇಲೆ ಕಡಿಮೆ ಬಿದ್ದ ಎರಡು ಕಿಲೋಗೆ ಜವಾಬುದಾರ ನೀವೇ. ಇಳಿಸುವವರು ಗೊಣಗುತ್ತಾರೆ, ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ನಾನು ಮೊದಲ ವರ್ಷ ಸಂಕೋಚಪಟ್ಟು ಸಹಿ ಹಾಕಿದೆ. ಆಮೇಲೆ ಆರು ತಿಂಗಳು ಆ ಕೊರತೆಯನ್ನು ಹೊತ್ತುಕೊಂಡು ತಿರುಗಿದೆ.

ಇಂದಿನ ಬಿಸಿಯೂಟದ ಹಿಂದೆ 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶವಿದೆ. ಧಾನ್ಯ ಹಂಚಿದರೆ ಸಾಲದು, ಬೇಯಿಸಿದ ಊಟವನ್ನೇ ಕೊಡಬೇಕು ಎಂದದ್ದು ಅದೇ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಸೇರಿಕೊಂಡಿತು. 18 ಗ್ರಾಂ ಪುಡಿಯಿಂದ 150 ಮಿಲಿ ಹಾಲು ಮಾಡಬೇಕು. ಈಗ ಹಾಲಿಗೆ ರಾಗಿ ಮಾಲ್ಟ್ ಕೂಡ. ಹಾಲಿನದೊಂದು ಸಂಕಟವಿದೆ. ಅದನ್ನು ಬೆಳಿಗ್ಗೆಯೇ ಕೊಡಬೇಕಾದ್ದರಿಂದ ಹಾಜರಿ ಕೂಡಿಸುವ ಮೊದಲೇ ಕಾಯಿಸಿರಬೇಕು. ಅಂದರೆ ಅನ್ನಕ್ಕೆ ಇವತ್ತಿನ ಲೆಕ್ಕ, ಹಾಲಿಗೆ ನಿನ್ನೆಯ ಅಂದಾಜು. ಸಂತೆಯ ಮರುದಿನ, ಜಾತ್ರೆಯ ಮರುದಿನ, ಮದುವೆ ತಿಂಗಳ ಸೋಮವಾರ ಎಷ್ಟು ಮಕ್ಕಳು ಬರುವುದಿಲ್ಲ ಎಂಬುದು ನನಗಿಂತ ನಮ್ಮ ಮುಖ್ಯ ಅಡುಗೆಯವರಿಗೆ ಚೆನ್ನಾಗಿ ಗೊತ್ತು. ಊರಿನ ಎಲ್ಲ ಮನೆಗಳ ಸುದ್ದಿ ಅವರ ಬಳಿ ಇರುತ್ತದೆ. ಇಲಾಖೆಯ ಯಾವ ಆ್ಯಪೂ ಅವರಷ್ಟು ಸರಿಯಾಗಿ ಹೇಳಲಾರದು.

ಮೊಟ್ಟೆಯದು ಬೇರೆಯದೇ ಕಥೆ. ಮೊದಲು ವಾರಕ್ಕೆ ಎರಡು ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಉಳಿದ ನಾಲ್ಕು ದಿನಗಳ ಖರ್ಚು ಹೊತ್ತುಕೊಂಡ ಮೇಲೆ ಆರು ದಿನವಾಯಿತು. ಮಗುವಿನ ತಟ್ಟೆಯಲ್ಲಿ ಇದರಿಂದ ಆದ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮೊಟ್ಟೆಗೆ ಗೊತ್ತುಮಾಡಿರುವುದು ಆರು ರೂಪಾಯಿ. ಅದರಲ್ಲೇ ತರುವ ಖರ್ಚು, ಬೇಯಿಸುವ ಗ್ಯಾಸು, ಸುಲಿಯುವವರ ಕೂಲಿ ಎಲ್ಲ ಬರಬೇಕು. ಚಳಿಗಾಲದಲ್ಲಿ ಪೇಟೆಯ ದರವೇ ಆರು ದಾಟಿದಾಗ ಆ ಹೆಚ್ಚಿನದನ್ನು ಯಾರು ಕೊಡಬೇಕು? ಸುತ್ತೋಲೆಯಲ್ಲಿ ಉತ್ತರವಿಲ್ಲ, ಹೆಡ್ಮೇಷ್ಟ್ರ ಜೇಬಿನಲ್ಲಿದೆ. ನಮ್ಮಲ್ಲಿ ಮೊಟ್ಟೆ ತಿನ್ನುವವರು ಸುಮಾರು ಎಪ್ಪತ್ತು ಮಕ್ಕಳು. ಮೊಟ್ಟೆಗೆ ಒಂದು ರೂಪಾಯಿ ಹೆಚ್ಚಾದರೆ ದಿನಕ್ಕೆ ಎಪ್ಪತ್ತು. ತಿನ್ನದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಎಂದು ಪೋಷಕರಿಂದ ಬರೆಸಿಕೊಂಡು ಇಟ್ಟುಕೊಳ್ಳಬೇಕು. ಜೂನ್‌ನಲ್ಲಿ ಬಾಳೆಹಣ್ಣು ಎಂದು ಬರೆಸಿದ ಮನೆಯ ಹುಡುಗ ಆಗಸ್ಟ್‌ನಲ್ಲಿ ಪಕ್ಕದವನ ತಟ್ಟೆ ನೋಡಿ "ಸಾ, ನಂಗೂ ಮೊಟ್ಟೆ" ಅಂದರೆ ಕೊಡುವ ಹಾಗಿಲ್ಲ, ಮನೆಗೆ ಹೋಗಿ ಕೇಳಬೇಕು. ಅಂಥ ಎರಡು ಮನೆಗೆ ಹೋಗಿದ್ದೇನೆ. ಒಂದು ಮನೆಯಲ್ಲಿ ನಕ್ಕರು, ಇನ್ನೊಂದರಲ್ಲಿ ನೀರು ಕೊಟ್ಟು ಕಳಿಸಿದರು.

ಅಡುಗೆಯವರ ಹುದ್ದೆಯೂ ಎಣಿಕೆಯದೇ ಮಗು. 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ನೂರಕ್ಕೊಬ್ಬರು. ಗೌರವಧನ ಈಚೆಗೆ ಸಾವಿರ ರೂಪಾಯಿ ಏರಿದ ಮೇಲೂ ತಿಂಗಳಿಗೆ ಐದು ಸಾವಿರ ಮುಟ್ಟಿಲ್ಲ. ಹಾಲು ಕಾಯಿಸಿ, ಅನ್ನ ಸಾರು ಮಾಡಿ, ಮೊಟ್ಟೆ ಬೇಯಿಸಿ ಸುಲಿದು, ಬಡಿಸಿ, ಪಾತ್ರೆ ತೊಳೆಯುವಷ್ಟರಲ್ಲಿ ಅವರ ಹಗಲು ಮುಗಿದಿರುತ್ತದೆ. ಒಬ್ಬರು ರಜೆ ಹಾಕಿದರೆ ಶಾಲೆ ಅಲುಗಾಡುತ್ತದೆ. ನಾನು ರಜೆ ಹಾಕಿದರೆ ಅಷ್ಟೇನೂ ಅಲುಗಾಡುವುದಿಲ್ಲ.

ದಿನದ ಎಣಿಕೆಗಿಂತ ದೊಡ್ಡದು ವರ್ಷದ ಎಣಿಕೆ. ದೇಶದ ಎಲ್ಲ ಶಾಲೆಗಳ ವಿವರ ತುಂಬುವ ಯು-ಡೈಸ್‌ಗೆ ಸೆಪ್ಟೆಂಬರ್ 30 ಆಧಾರ ದಿನ. ಅವತ್ತು ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದರ ಮೇಲೆ ಮುಂದಿನ ವರ್ಷದ ಎಷ್ಟೋ ಸಂಗತಿ ನಿಂತಿರುತ್ತದೆ. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನವನ್ನೇ ನೋಡಿ. 30 ಮಕ್ಕಳವರೆಗೆ ವರ್ಷಕ್ಕೆ ಹತ್ತು ಸಾವಿರ, 31ರಿಂದ 100ರವರೆಗೆ 25 ಸಾವಿರ, 101ರಿಂದ 250ರವರೆಗೆ 50 ಸಾವಿರ. ನಮ್ಮದು 98. ಇನ್ನು ಮೂರು ಮಕ್ಕಳಿದ್ದಿದ್ದರೆ ಅನುದಾನ ಇಮ್ಮಡಿ. ಜೂನ್‌ನಲ್ಲಿ ದಾಖಲಾತಿ ಆಂದೋಲನಕ್ಕೆ ಬ್ಯಾನರ್ ಹಿಡಿದು ಬೀದಿ ಸುತ್ತುವಾಗ ಕಾನ್ವೆಂಟಿನ ಹಳದಿ ವ್ಯಾನು ನಮ್ಮೆದುರೇ ಹಾದುಹೋಗುತ್ತದೆ. ಅದರ ಕಿಟಕಿಯಲ್ಲಿ ಇಣುಕುವ ಮುಖಗಳನ್ನು ನೋಡಿದಾಗ ನನಗೆ ಮೂರು ಎಂಬ ಸಂಖ್ಯೆಯೇ ಕಾಣುತ್ತದೆ, ಸುಳ್ಳು ಹೇಳಲಾರೆ.

ಶಿಕ್ಷಕರ ವಿಷಯದಲ್ಲಿ ಅಂಚು ಇನ್ನೂ ಹರಿತ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ನಮ್ಮಲ್ಲಿ 62. ಇಬ್ಬರು ಮಕ್ಕಳು ವರ್ಗಾವಣೆ ಪತ್ರ ತೆಗೆದುಕೊಂಡು ಹೊರಟರೆ ಒಬ್ಬ ಶಿಕ್ಷಕರು 'ಹೆಚ್ಚುವರಿ' ಎನಿಸುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದ ಕುಟುಂಬವೊಂದು ಕೆಲಸ ಮುಗಿಸಿ ಬೇರೆ ಊರಿಗೆ ಹೊರಡುವುದಕ್ಕೂ ಇಲ್ಲಿನ ಕನ್ನಡ ಮೇಡಂ ಬೇರೆ ತಾಲ್ಲೂಕಿಗೆ ಹೋಗುವುದಕ್ಕೂ ಹೀಗೆ ನಂಟು. ಅದೇ ಅನುಸೂಚಿಯಲ್ಲಿ ಪ್ರಾಥಮಿಕ ಹಂತಕ್ಕೆ ಪ್ರತ್ಯೇಕ ಮುಖ್ಯ ಶಿಕ್ಷಕರು ಬರುವುದು 150 ಮಕ್ಕಳು ದಾಟಿದ ಮೇಲೆ. ಆದ್ದರಿಂದ ನಮ್ಮಂಥವರು ಅರ್ಧ ಹೆಡ್ಮೇಷ್ಟ್ರು, ಅರ್ಧ ಗಣಿತದ ಮೇಷ್ಟ್ರು. ಆರನೇ ತರಗತಿಯಲ್ಲಿ ಭಿನ್ನರಾಶಿ ಹೇಳುವಾಗಲೇ ಗ್ಯಾಸ್ ಸಿಲಿಂಡರಿನವನು ಗೇಟಿನಲ್ಲಿ ನಿಂತಿರುತ್ತಾನೆ.

ಸಂಖ್ಯೆಗೆ ಇಷ್ಟು ಬೆಲೆ ಇರುವಾಗ ಅದನ್ನು ಉಬ್ಬಿಸುವ ಆಸೆ ಹುಟ್ಟದೇ ಇರುತ್ತದೆಯೇ? ಹಿಂದೆ ಖಾಸಗಿ ಶಾಲೆಗೆ ಹೋದ ಮಗುವಿನ ಹೆಸರು ಸರ್ಕಾರಿ ಶಾಲೆಯ ಹಾಜರಿಯಲ್ಲೂ ಉಳಿದಿರುತ್ತಿತ್ತು. ಒಂದೇ ಮಗು ಎರಡು ಕಡೆ ಓದುತ್ತಿತ್ತು, ಕಾಗದದ ಮೇಲೆ. ಮಕ್ಕಳ ವಿವರ ಇಡುವ ರಾಜ್ಯದ ತಂತ್ರಾಂಶ ಎಸ್‌ಎಟಿಎಸ್ ಬಂದ ಮೇಲೆ ಅದಕ್ಕೆ ಕಡಿವಾಣ ಬಿತ್ತು. ಒಂದು ಮಗುವಿಗೆ ಒಂದೇ ಸಂಖ್ಯೆ. ಶಾಲೆ ಬದಲಿಸಿದರೆ ಆನ್‌ಲೈನ್‌ನಲ್ಲೇ ಹೆಸರು ಅಲ್ಲಿಂದ ಇಲ್ಲಿಗೆ ದಾಟಬೇಕು. ಇದು ಒಳ್ಳೆಯ ಕೆಲಸವೆಂದೇ ನನ್ನ ಅಭಿಪ್ರಾಯ. ಆದರೆ ತಾಂಡದ ಮಕ್ಕಳು ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗುತ್ತಾರಲ್ಲ, ಅವರು ಎಲ್ಲಿಯೂ ದಾಖಲಾಗುವುದಿಲ್ಲ, ಇಲ್ಲಿಯೂ ಬರುವುದಿಲ್ಲ. ಏಳು ದಿನ ಸತತ ಗೈರಾದ ಮಗುವನ್ನು ಶಾಲೆ ಬಿಟ್ಟ ಮಗುವೆಂದೇ ತಿಳಿದು ಹುಡುಕಬೇಕು. ಹುಡುಕಿದರೆ ಅಜ್ಜಿ ಸಿಗುತ್ತಾಳೆ. "ಯುಗಾದಿಗೆ ಬತ್ತವೆ ಮೇಷ್ಟ್ರೆ" ಅನ್ನುತ್ತಾಳೆ. ಅಜ್ಜಿಯ ಹತ್ತಿರ ಇರಿಸಿಕೊಳ್ಳಲು ಒಪ್ಪಿಸಿದರೆ ಒಂದು ಮಗು ಉಳಿದಂತೆ. ಕಳೆದ ವರ್ಷ ಹಾಗೆ ಮೂವರು ಉಳಿದರು, ಐವರು ಹೋದರು.

ಹೆಸರುಗಳ ರಗಳೆ ಬೇರೆ. ಮಗುವಿನ ಜನ್ಮದಿನ, ಜಾತಿ, ತಂದೆ ತಾಯಿಯ ಹೆಸರು ಎಲ್ಲಕ್ಕೂ ಮೂಲ ನಮ್ಮ ದಾಖಲಾತಿ ಪುಸ್ತಕ. ಅದರಲ್ಲಿ ಒಂದಕ್ಷರವನ್ನೂ ನಾನಾಗಿಯೇ ತಿದ್ದುವ ಹಾಗಿಲ್ಲ. ಈಗ ವಿದ್ಯಾರ್ಥಿಗಳ ಗುರುತಿನ ಸಂಖ್ಯೆಯಾದ ಅಪಾರ್ ಐಡಿ ಮಾಡಿಸಲು ಕೂತರೆ ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಕನ್ನಡದಲ್ಲಿ ಸರಿಯಾಗಿರುವ ಹೆಸರು ಇಂಗ್ಲಿಷಿಗೆ ಹೋಗುವಾಗ ಎರಡು ಕಡೆ ಎರಡು ಸ್ಪೆಲ್ಲಿಂಗ್ ಹುಟ್ಟಿರುತ್ತದೆ. ಒಂದು ಕಡೆ ಇನಿಷಿಯಲ್ ಇದೆ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರೇ ಮಗುವಿನ ಹೆಸರಿಗೆ ಅಂಟಿದೆ. ಸರ್ವರ್ ಒಪ್ಪುವುದಿಲ್ಲ. ಪೋಷಕರು ಒಂದು ದಿನದ ಕೂಲಿ ಬಿಟ್ಟು ಹೋಬಳಿಯ ಆಧಾರ್ ಕೇಂದ್ರಕ್ಕೆ ಹೋಗಬೇಕು. ಆ ಕೂಲಿಯ ಲೆಕ್ಕ ಮಾತ್ರ ಯಾವ ಕಾಲಂನಲ್ಲೂ ಇಲ್ಲ. ದಾಖಲಾತಿ ದಿನವೇ ಆಧಾರ್ ಪಕ್ಕದಲ್ಲಿಟ್ಟುಕೊಂಡು, ಅಮ್ಮನಿಗೆ ಓದಿ ಹೇಳಿ, ಆಮೇಲೆ ಬರೆಯುವುದನ್ನು ನಾನು ಎಷ್ಟೋ ತಪ್ಪುಗಳ ನಂತರ ಕಲಿತೆ. ಆಧಾರಾಗಲಿ ಜನನ ಪ್ರಮಾಣಪತ್ರವಾಗಲಿ ಇಲ್ಲವೆಂದು ಮಗುವನ್ನು ವಾಪಸು ಕಳಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಪ್ರವೇಶ ಕೊಡಲೇಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ.

ಇನ್ನು ತರಗತಿ. ಖಾಯಂ ಶಿಕ್ಷಕರು ನಾನೂ ಸೇರಿ ಮೂವರು, ಅತಿಥಿ ಶಿಕ್ಷಕರು ಇಬ್ಬರು, ತರಗತಿ ಏಳು. ಐದು ಜನ ಏಳು ತರಗತಿ ನಡೆಸಲು ಸಾಧ್ಯವಾಗುವುದು ನಲಿಕಲಿಯಿಂದ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿಕೊಂಡು ಶುರುವಾದ ಪದ್ಧತಿ ಇದು. 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ಗುಂಪು ಗುಂಪಾಗಿ, ಅವರವರ ವೇಗಕ್ಕೆ ತಕ್ಕಂತೆ ಮೆಟ್ಟಿಲೇರುತ್ತಾರೆ. ನಡೆಸುವವರಿಗೆ ಅದರ ಜೀವ ಗೊತ್ತಿದ್ದರೆ ಆ ಕೋಣೆಯಂಥ ಕೋಣೆ ಇಲ್ಲ. ಗೊತ್ತಿಲ್ಲದವರ ಕೈಯಲ್ಲಿ ಕಾರ್ಡುಗಳು ಚೆಲ್ಲಾಪಿಲ್ಲಿ. ನಮ್ಮ ನಲಿಕಲಿ ಮೇಡಂ ತರಬೇತಿಗೆ ಹೋದ ದಿನ ನಾನು ಆ ಕೋಣೆಗೆ ಹೋಗಿ ಕೂತರೆ ಒಂದನೇ ತರಗತಿಯವಳೊಬ್ಬಳು ಬಂದು "ಸಾ, ನಿಮ್ಗೆ ಬರಲ್ಲ, ನಾನು ಹೇಳ್ತೀನಿ" ಎಂದು ಕಾರ್ಡು ಕಿತ್ತುಕೊಂಡಳು. ಅವಳ ಮಾತು ಸರಿಯಾಗಿತ್ತು.

ಐವರೂ ಶಾಲೆಯಲ್ಲಿರುವ ದಿನ ಬಹಳ ಕಡಿಮೆ. ಒಬ್ಬರು ಮತದಾರರ ಪಟ್ಟಿಯ ಬಿಎಲ್‌ಒ, ಒಬ್ಬರಿಗೆ ಕ್ಲಸ್ಟರ್ ಸಭೆ, ಮತ್ತೊಬ್ಬರ ಮಗುವಿಗೆ ಜ್ವರ. ಆಗ ನಾಲ್ಕು ಐದು ಒಟ್ಟಿಗೆ, ಆರು ಏಳು ಒಟ್ಟಿಗೆ. ಇದಕ್ಕೆ ನಮ್ಮಲ್ಲಿ ಅಡ್ಜಸ್ಟ್‌ಮೆಂಟ್ ಎಂಬ ಸೌಮ್ಯವಾದ ಹೆಸರಿದೆ. ಶಿಕ್ಷಕರನ್ನು ಪಾಠವಲ್ಲದ ಕೆಲಸಕ್ಕೆ ಕಳಿಸಬಾರದು, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಮಾತ್ರ ಇದಕ್ಕೆ ಹೊರತು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮಿನಲ್ಲಿದೆ. ಓದಲು ಚೆನ್ನಾಗಿದೆ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆ ಮನೆಗೆ ಹೋದವರಲ್ಲಿ ಹೆಚ್ಚಿನವರು ನಾವೇ. ದಸರಾ ರಜೆಯಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಕ್ಟೋಬರ್ 8ರಿಂದ 18ರವರೆಗೆ ಶಾಲೆಗಳಿಗೆ ಮತ್ತೆ ರಜೆ ಕೊಟ್ಟರು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ನನಗಿದ್ದ ಪ್ರಶ್ನೆ ಇಷ್ಟೇ: ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, ಆರರ ಮೇಲೆ 220 ದಿನ ಶಾಲೆ ನಡೆಯಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ, ಹೋದ ದಿನಗಳನ್ನು ಎಲ್ಲಿಂದ ತರುವುದು? ಪೂರ್ತಿ ದಿನ ಮಾಡಿದ ಶನಿವಾರಗಳಿಂದ, ಬೆಳಿಗ್ಗೆ ಅರ್ಧ ಗಂಟೆ ಮೊದಲು ತೆಗೆದ ಬೀಗದಿಂದ. ಬೇಗ ಶಾಲೆ ಎಂದರೆ ಅಡುಗೆಯವರೂ ಬೇಗ ಬರಬೇಕು ಎಂಬುದು ನನಗೂ ಆಮೇಲೆ ಹೊಳೆಯಿತು, ಅವರು ಬಂದು ಹೇಳಿದ ಮೇಲೆ.

ದುಡ್ಡಿನ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ದುಡ್ಡೂ ಚಿಕ್ಕದೇ. 25 ಸಾವಿರದಲ್ಲಿ ಸೀಮೆಸುಣ್ಣ, ವಹಿಗಳು, ಪತ್ರಿಕೆ, ಪ್ರಿಂಟರಿನ ಇಂಕು, ನಲ್ಲಿ, ಬಲ್ಬು, ಒಡೆದ ಹೆಂಚು. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಎರಡೂವರೆ ಸಾವಿರವನ್ನು ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 250 ರೂಪಾಯಿ. ಪ್ರಾಥಮಿಕ ಶಾಲೆಗೆ ಜಾಡಮಾಲಿಯ ಹುದ್ದೆ ಇಲ್ಲ, ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸುವ ಹಾಗಿಲ್ಲ (ತೊಳೆಸಲೂಬಾರದು). ಹಾಗಾದರೆ ಯಾರು? ನಮ್ಮಲ್ಲಿ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಗ್ರಾಮ ಪಂಚಾಯಿತಿಯ ಬೆನ್ನುಬಿದ್ದು ವಾರಕ್ಕೆರಡು ಸಲ ಒಬ್ಬರನ್ನು ಕಳಿಸುವಂತೆ ಮಾಡಿದ್ದಾರೆ. ಪಂಚಾಯಿತಿಯವರು ಮರೆತ ವಾರ ನಾನು ಮತ್ತು ವಿಜ್ಞಾನದ ಮೇಷ್ಟ್ರು ಸಂಜೆ ಪ್ಯಾಂಟು ಮಡಚಿಕೊಳ್ಳುತ್ತೇವೆ. 2001ರಲ್ಲಿ ರಾಜಾ ರಾಮಣ್ಣ ಅವರ ಕಾರ್ಯಪಡೆಯ ಸಲಹೆಯಂತೆ ಈ ಸಮಿತಿಗಳು ಹುಟ್ಟಿಕೊಂಡಾಗ ಮೇಷ್ಟ್ರುಗಳಿಗೆ ಅಂಜಿಕೆಯಿತ್ತು, ಊರಿನವರು ಬಂದು ಅಧಿಕಾರ ಮಾಡುತ್ತಾರೆಂದು. ಅಧಿಕಾರ ಮಾಡುವವರೂ ಇದ್ದಾರೆ. ಮಕ್ಕಳು ಇದೇ ಶಾಲೆಯಲ್ಲಿ ಓದುವ ತಾಯಂದಿರು ಸಮಿತಿಯಲ್ಲಿದ್ದರೆ ಮಾತ್ರ ನೀರಿನ ಟ್ಯಾಂಕಿನ ಮುಚ್ಚಳ ತೆರೆದು ನೋಡುವವರೂ ಸಿಗುತ್ತಾರೆ.

ದಾನಿಗಳಿಂದಲೂ ನೆರವು ಬರುತ್ತದೆ. ಹಳೆಯ ವಿದ್ಯಾರ್ಥಿಗಳು ಫ್ಯಾನು, ಬೀರು, ಮೈಕ್ ಸೆಟ್ಟು ಕೊಡುತ್ತಾರೆ, ಮೇಲೆ ಹೆಸರು ಬರೆಸುತ್ತಾರೆ. ಫಿನಾಯಿಲ್ ಬಾಟಲಿಯ ಮೇಲೆ ಹೆಸರು ಬರೆಸಲು ಬರುವುದಿಲ್ಲವಲ್ಲ, ಅದನ್ನು ಯಾರೂ ಕೊಡುವುದಿಲ್ಲ. ಆ ಫ್ಯಾನುಗಳ ಕರೆಂಟ್ ಬಿಲ್ಲಿನ ಭಯ ಮಾತ್ರ ಹೋಗಿದೆ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಘೋಷಿಸಿದ್ದರು.

ಶೂಗಳದು ಎಣಿಕೆಯ ಜೊತೆಗೆ ಅಳತೆಯ ಕೆಲಸ. ಐದನೇ ತರಗತಿಯವರೆಗೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲಕ್ಕೆ 265 ರೂಪಾಯಿ, ಆರರಿಂದ ಎಂಟಕ್ಕೆ 295. ಇದು 2022ರಲ್ಲಿ ನಿಗದಿಯಾದ ದರ. ಕೊಳ್ಳಬೇಕಾದವರು ಎಸ್‌ಡಿಎಂಸಿ ಮತ್ತು ನಾವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾದದ ಅಳತೆ ತೆಗೆದು, ಅಂಗಡಿಗಳಿಂದ ದರಪಟ್ಟಿ ತಂದು, ಸಮಿತಿಯಲ್ಲಿ ಒಪ್ಪಿಸಿ, ದುಡ್ಡು ಬಂದು, ಶೂ ಬರುವಷ್ಟರಲ್ಲಿ ಪಾದ ಬೆಳೆದಿರುತ್ತದೆ. ನನ್ನ ಉಪಾಯ, ಎಲ್ಲರಿಗೂ ಒಂದು ನಂಬರ್ ದೊಡ್ಡದು ತರುವುದು. ಮೊದಲ ತಿಂಗಳು ಮುಂದೆ ಹತ್ತಿ ತುರುಕಿಕೊಳ್ಳುತ್ತಾರೆ, ಆಟದ ಪೀರಿಯಡ್‌ನಲ್ಲಿ ಬಿಚ್ಚಿಟ್ಟು ಬರಿಗಾಲಲ್ಲೇ ಓಡುತ್ತಾರೆ.

ಮೊನ್ನೆಯ ಮಂಗಳವಾರಕ್ಕೆ ವಾಪಸು ಬರೋಣ. ಎಂಬತ್ತಾರು ಎಂದು ಹೇಳಿ ಹತ್ತು ನಿಮಿಷಕ್ಕೆ ತಾಂಡದ ಬಸ್ಸು ಬಂತು, ಯಾವತ್ತಿನಂತೆ ತಡವಾಗಿ. ಐದು ಮಕ್ಕಳು ಇಳಿದರು. ಮೂವರು ಚಿಕ್ಕವರು, ಇಬ್ಬರು ದೊಡ್ಡವರು. ತಡವಾದವರನ್ನು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ, ತಡವಾದದ್ದು ಬಸ್ಸು. ಹಾಜರಿ ಪುಸ್ತಕದಲ್ಲಿ ಹೆಸರು ಸೇರಿತು. ಲೆಕ್ಕ 91ಕ್ಕೆ ಏರಿತು, ಅಕ್ಕಿ 10 ಕಿಲೋ 750 ಗ್ರಾಂ ಆಗಬೇಕಾಯಿತು. ನಾನು ಅಡುಗೆ ಕೋಣೆಯ ಬಾಗಿಲಿಗೆ ಓಡಿದೆ. ಅನ್ನಕ್ಕೆ ಎಸರು ಕುದಿಯುತ್ತಿತ್ತು.

"ಐದು ಜನ ಬಂದ್ರು, ಅಕ್ಕಿ ಹಾಕ್ಬಿಟ್ರಾ?"

ಅವರು ತಿರುಗಿಯೂ ನೋಡಲಿಲ್ಲ. "ಬಸ್ಸಿನವ್ರನ್ನ ಸೇರ್ಸೇ ಅಳ್ದಿದೀನಿ ಸಾ. ನೀವು ಬರ್ಕೊಳಿ."

ಊಟವಾದ ಮೇಲೆ ಮೊಬೈಲಿನಿಂದ ಇಲಾಖೆಗೆ 91 ಎಂದು ಕಳಿಸಿ, ಬಿಸಿಯೂಟದ ವಹಿಯಲ್ಲೂ ಅದನ್ನೇ ಬರೆದೆ.